ಒಡ್ಡಿನ ಮ್ಯಾಲಿನ ಬೇಟೆಗಾರ ನುಸಿ

ನಮಸ್ಕಾರ್ರಿ. ನಾವೀಗ ಆಳಂದ ತಾಲೂಕಿನ ಒಂದು ತೊಗರಿ ಹೊಲದಾಗ ಇದ್ದೀವಿ. ದೀಪಾವಳಿ ಮುಗದದ, ತೊಗರಿ ಹೂವಿಗಿ ಬಂದದ. ಆದ್ರ ಇವತ್ತ ಕ್ಯಾಮೆರಾ ಒಡ್ಡಿನ ಕಡಿ. ಔಡಲ, ಉತ್ತರಾಣಿ, ತುಂಬಿ, ಜಾಲಿ, ಎಲ್ಲಾ ತಾವೇ ಹುಟ್ಟಿದ್ದು. ಬಾಜೂ ಹೊಲದ ಕಾಕಾ ಕೇಳಿದ್ರು, "ಏನ್ ತಮ್ಮಾ, ಈ ಕಸದಾಗ ಏನ್ ಹುಡುಕ್ಲತ್ತಿ?" ನುಸಿ ತಿನ್ನೋ ನುಸಿ ಕಾಕಾ, ಅಂದೆ. ನುಸಿ ಅಂದ್ರ ಜೇಡದ ಬಳಗದ ಭಾಳ ಸಣ್ಣ ಜೀವಿ.

ನೋಡ್ರಿ, ಔಡಲದ ಎಲಿ ಹೊಳ್ಳಿಸೀನಿ. ಫೋನಿಗಿ ಲೆನ್ಸ್ ಹಚ್ಚೀನಿ. ನಡುವಿನ ನರದ ಬಗಲಿಗಿ ಮಿಣಿಮಿಣಿ ಹೊಳಕೋತ ಓಡ್ಲತ್ತದಲ್ಲ, ಅದೇ. ಉದ್ದ ಅರ್ಧ ಮಿಲಿಮೀಟರ್ ಸುದ್ದಾ ಇಲ್ಲ. ಇವುಗಳ ಮನೆತನಕ್ಕ ಫೈಟೋಸೀಡೇ ಅಂತ ಹೆಸರು. ಎಲಿ ರಸ ಹೀರೋ ಜೇಡ ನುಸಿ ಬಲಿ ನೇಯ್ದು ಅದರಾಗೇ ಕುಂತಿರ್ತದ. ಇದು ಮಾತ್ರ ಒಂದು ಗಳಿಗಿ ನಿಲ್ಲಂಗಿಲ್ಲ. ತತ್ತಿನೂ ಬ್ಯಾರೆ. ಜೇಡ ನುಸಿದು ದುಂಡಗ, ಇದರದು ಉದ್ದಗ, ಸ್ವಲ್ಪ ದೊಡ್ಡದು. ಇದಕ್ಕ ಕಣ್ಣೇ ಇಲ್ಲರಿ! ಜೇಡ ನುಸಿ ಹತ್ತಿದ ಗಿಡ ಬಿಡೋ ವಾಸನಿ ಹಿಡದು ಬೇಟೆ ಹುಡುಕ್ತದ. ನನಗ ಬಾಳ ಬೆರಗು ಅನಸೋದು ಇದೇ.

ಈಗ ಎಲಿ ತೊಟ್ಟಿನ ಕಡಿ ಬರ್ರಿ. ಸಣ್ಣ ಗುಬುಟು ಕಾಣ್ತಾವಲ್ಲ, ಅವುಗಳಿಂದ ಸಿಹಿ ರಸ ಒಸರ್ತದ. ಬೇಟೆ ಸಿಗದಾಗ ಈ ಜಾತಿ ನುಸಿಯೊಳಗ ಎಷ್ಟೋ ಹೂವಿನ ಪರಾಗ, ಇಂಥಾ ರಸ ತಿಂದೇ ಬದುಕ್ತಾವ. ಔಡಲದ ಪರಾಗ ಹಾಕಿ ಲ್ಯಾಬಿನಾಗ ಇವನ್ನ ಸಾಕ್ತಾರ. ಬೆಳಿ ಕೊಯ್ದ ಮ್ಯಾಲ ಹೊಲ ಬೋಳಾಗ್ತದ, ಆಗ ಇವುಕ್ಕ ಒಡ್ಡೇ ಗತಿ.

ಕಾಲಕ್ಕ ತಕ್ಕಂಗ ಲೆಕ್ಕ ಬದಲಾಗ್ತದ. ನಮ್ಮ ಬ್ಯಾಸಗಿ ನಿಮಗ ಗೊತ್ತೇ ಅದ, ಬಿಸಿಲು 40 ಡಿಗ್ರಿ ದಾಟ್ತದ. ಸೆಕಿಗಿಂತ ಒಣ ಗಾಳಿ ಇವುಕ್ಕ ಕೆಟ್ಟದ್ದು: ತತ್ತಿ ಒಡಿಲಾರದ ಬತ್ತಿ ಹೋಗ್ತಾವ. ಅದೇ ಒಣ ಹವಾದಾಗ ಜೇಡ ನುಸಿ ಮಾತ್ರ ವಾರದೊಳಗ ಒಂದು ತಲಿಮಾರು ಮುಗಿಸ್ತದ. ಬ್ಯಾಸಗಿ ಬೆಂಡಿ, ಬದನಿ ಎಲಿ ಬಿಳಿಚಿಕೊಳ್ಳೋದು ಅದಕ್ಕೇ. ಆ ದಿನದಾಗ ಬೇಟೆಗಾರರು ಉಳಿಯೋದು ಬಾವಿ ಕಡಿ, ಹಳ್ಳದ ದಂಡಿಗಿ, ನೆರಳಿದ್ದ ಹಸರು ಗಿಡದಾಗ. ಮಳಿ ಬಿದ್ದು ಎಲಿ ಚಿಗುರಿ ಹೂವು ಬಿಟ್ಟ ಮ್ಯಾಲ ಮತ್ತ ಹೆಚ್ಚಾಗ್ತಾವ. ಬೇಟೆ ಮೊದಲು ಏರ್ತದ, ಬೇಟೆಗಾರ ಅದರ ಹಿಂದ. ಹಸಿವಾದ್ರ ಗಾಳಿಗಿ ತೇಲಿ ಇನ್ನೊಂದು ಗಿಡಕ್ಕೂ ಹೋಗ್ತಾವ.

ಅದಕ್ಕ ಕಾಕಾನ ಮುಂದ ಒಂದೇ ಕೇಳ್ಕೊಂಡೆ: ಹೊಲಕ್ಕ ಹುಳ ಸಾಯಿಸೋ ಎಣ್ಣಿ ಹೊಡಿಯೋ ಮುಂದ ಪಂಪಿನ ಬಾಯಿ ಒಡ್ಡಿನ ಕಡಿ ತಿರುಗಿಸಬ್ಯಾಡ್ರಿ. ಪೈರೆಥ್ರಾಯ್ಡ್ ಜಾತಿ ಎಣ್ಣಿಗಿ ಬೇಟೆಗಾರ ನುಸಿ ಲಗೂನ ಸಾಯ್ತಾವ, ಆಮ್ಯಾಲ ಜೇಡ ನುಸಿ ಹಿಡಿಯೋರೇ ಇರಂಗಿಲ್ಲ. ಬ್ಯಾಸಗಿಯೊಳಗ ಒಡ್ಡಿಗಿ ಬೆಂಕಿ ಹಚ್ಚೋದು ಇನ್ನೂ ಕೆಟ್ಟದ್ದು.

ಹಂಗಂತ ಒಡ್ಡಿನ ಮ್ಯಾಲಿಂದೆಲ್ಲಾ ಕಾಯಬೇಕಂತ ಅಲ್ಲರಿ. ಬಣವಿ ಬಲ್ಲಿ ಹೋದ ವರ್ಷದ ಕಾಳು ಬಿದ್ದು ಹುಟ್ಟಿದ ತೊಗರಿ, ಕೊಯ್ದ ಬುಡ ಚಿಗುರಿದ ಕುಳಿ ತೊಗರಿ ಇರ್ತದಲ್ಲ, ಅದು ನಮಗ ವೈರಿ. ಗೊಡ್ಡು ರೋಗದ ವೈರಸ್ ಹೊರೋ ನುಸಿ ಅದರಾಗೇ ಬ್ಯಾಸಗಿ ಕಳೀತದ. ಆ ನುಸಿ ಬರಿಗಣ್ಣಿಗಿ ಕಾಣಂಗಿಲ್ಲ, ಕಾಲು ನಾಲ್ಕೇ. ಎಲಿ ಸಣ್ಣಾಗಿ, ತಿಳಿ ಹಸರು ಮಚ್ಚಿ ಬಿದ್ದು, ಹೂವೇ ಬಿಡಲಾರದ ಗಿಡ ಕಂಡ್ರ ಅದೇ ಗೊಡ್ಡು. 2019ರಾಗ ಜಿಐ ಟ್ಯಾಗ್ (ಇದು ಈ ಭಾಗದ್ದೇ ಬೆಳಿ ಅನ್ನೋ ಸರ್ಕಾರಿ ಗುರುತು) ಪಡದ ನಮ್ಮ ತೊಗರಿಗಿ ಇದು ದೊಡ್ಡ ಪೀಡಿ. ಔಡಲ, ತುಂಬಿ ಇರಲಿ ಬಿಡ್ರಿ. ಆದ್ರ ಆ ಕುಳಿ ತೊಗರಿನ ಮಾತ್ರ ಜೂನ್ ಬಿತ್ತಿಗಿಗಿಂತ ಮೊದಲೇ ಬೇರು ಸಹಿತ ಕಿತ್ತು ತಗೀರಿ.