ಹೋಗಬಹುದು, ಖರ್ಚು ಮಾಡುವ ಹಾಗಿಲ್ಲ: ಅಮೆರಿಕ–ಕ್ಯೂಬಾ ಪ್ರವಾಸ ಮಸೂದೆಯ ಕಥೆ

[ಕೋಲಾರ ಬಸ್ ಸ್ಟ್ಯಾಂಡ್. ಹಿಂದೆ ತಿರುಪತಿ ಬಸ್ಸು.]

ನಮಸ್ಕಾರ. ನನ್ನ ಹಿಂದೆ ನಿಂತಿದೆಯಲ್ಲ, ಅದು ತಿರುಪತಿ ಬಸ್ಸು. ಮುಳಬಾಗಿಲು ಆಯ್ತು, ನಂಗಲಿ ಆಯ್ತು, ಆಮೇಲೆ ಆಂಧ್ರ.

ಸುಮ್ನೆ ಒಂದು ಮಾತಿಗೆ ಅಂದುಕೊಳ್ಳಿ. ಸರ್ಕಾರ ಒಂದು ರೂಲ್ ತಂದಿದೆ. "ತಿರುಪತಿಗೆ ಹೋಗಬೇಡಿ ಅಂತ ನಾವು ಹೇಳುವುದಿಲ್ಲ. ಆದರೆ ನಂಗಲಿ ದಾಟಿದ ಮೇಲೆ ಒಂದು ರೂಪಾಯಿಯನ್ನೂ ಖರ್ಚು ಮಾಡಬಾರದು." ಟೀ ಇಲ್ಲ, ರೂಮಿಲ್ಲ, ಹುಂಡಿಗೆ ಕಾಸು ಹಾಕುವ ಹಾಗೂ ಇಲ್ಲ. ಹೋಗುತ್ತೀರಾ?

(ತಿರುಪತಿ ಬೇರೆ ದೇಶ ಅಲ್ಲ, ಗೊತ್ತು. ಕಮೆಂಟಲ್ಲಿ ಬೈಬೇಡಿ.)

ಕ್ಯೂಬಾಕ್ಕೆ ಹೋಗುವ ಅಮೆರಿಕನ್ನರಿಗೆ ಹೆಚ್ಚುಕಡಿಮೆ ಇದೇ ರೂಲ್. ಅದನ್ನು ತೆಗೆದುಹಾಕಲು ಅಲ್ಲಿನ ಸೆನೆಟ್‌ಗೆ, ಅಂದರೆ ಸಂಸತ್ತಿನ ಮೇಲ್ಮನೆಗೆ, ಒಂದು ಮಸೂದೆ ಮತ್ತೆ ಮತ್ತೆ ಬಂದಿದೆ.

[ಮ್ಯಾಪ್: ಫ್ಲೋರಿಡಾ, ಕ್ಯೂಬಾ]

ಫ್ಲೋರಿಡಾದ ಕೀ ವೆಸ್ಟ್‌ನಿಂದ ಕ್ಯೂಬಾ ಬರೀ 145 ಕಿಲೋಮೀಟರ್. ಇಲ್ಲಿಂದ ತಿರುಪತಿ ಅದಕ್ಕಿಂತ ದೂರ! 1959ರಲ್ಲಿ ಕ್ಯೂಬಾದಲ್ಲಿ ಫಿಡೆಲ್ ಕಾಸ್ಟ್ರೋ ಅಧಿಕಾರಕ್ಕೆ ಬಂದರು. 1961ರಲ್ಲಿ ಎರಡು ದೇಶಗಳ ಸಂಬಂಧ ಮುರಿಯಿತು. 1962ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ವ್ಯಾಪಾರ ಬಂದ್ ಮಾಡಿದರು.

ಈ ಖರ್ಚಿಗೆ ತಡೆ ಹಾಕಲು 1963ರಲ್ಲಿ ಬಂದ ನಿಯಮಗಳನ್ನು ನೋಡಿಕೊಳ್ಳುವುದು ಯಾವ ಇಲಾಖೆ ಗೊತ್ತಾ? ಖಜಾನೆ ಇಲಾಖೆ. ಕಾಲಿಗೆ ಕಟ್ಟಿಲ್ಲ, ಜೇಬಿಗೆ ಹೊಲಿಗೆ ಹಾಕಿದ್ದಾರೆ. ಓಡಾಡುವುದು ಪ್ರಜೆಯ ಸ್ವಾತಂತ್ರ್ಯದ ಭಾಗ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1958ರಲ್ಲೇ ಹೇಳಿತ್ತು. 1984ರಲ್ಲಿ ಅದೇ ಕೋರ್ಟ್ ಈ ಖರ್ಚಿನ ನಿಷೇಧವನ್ನು ಒಪ್ಪಿಕೊಂಡಿತು. ಐದು ಜನ ಸರಿ ಅಂದರು, ನಾಲ್ಕು ಜನ ಅಲ್ಲ ಅಂದರು.

ಅಧ್ಯಕ್ಷರು ಬದಲಾದ ಹಾಗೆ ರೂಲೂ ಬದಲಾಯಿತು. ಕಾರ್ಟರ್ 1977ರಲ್ಲಿ ಸಡಿಲ ಬಿಟ್ಟರು, ರೇಗನ್ 1982ರಲ್ಲಿ ಮತ್ತೆ ಬಿಗಿ ಮಾಡಿದರು.

ಇನ್ನು 2000ನೇ ಇಸವಿಯ ಕಾನೂನು. ಇದು ಮಜಾ ಇದೆ. ಅಮೆರಿಕದ ರೈತರು ತಮ್ಮ ಬೆಳೆಯನ್ನು ಕ್ಯೂಬಾಕ್ಕೆ ಮಾರಲಿ ಅಂತ ಬಾಗಿಲು ತೆರೆದ ಕಾನೂನು ಅದು. ಅದರೊಳಗೇ ಪ್ರವಾಸಕ್ಕೆ ಬೀಗ ಹಾಕಿದರು. ಕೋಳಿ ಹೋಗಬಹುದು, ಅಕ್ಕಿ ಹೋಗಬಹುದು, ಟೂರಿಸ್ಟ್ ಮಾತ್ರ ಹೋಗುವ ಹಾಗಿಲ್ಲ. ನಮ್ಮ ಎಪಿಎಂಸಿಯಲ್ಲಿ ಟೊಮೆಟೊ ಲಾರಿ ಬಿಟ್ಟು ಡ್ರೈವರ್‌ನನ್ನು ಇಳಿಸಿದ ಹಾಗೆ.

ಇಲ್ಲಿ ಒಂದು ವಿಷಯ ಗಮನಿಸಿ. ರೂಲ್ ಆದರೆ ಅಧ್ಯಕ್ಷರು ಒಂದು ಸಹಿಯಲ್ಲಿ ಬದಲಾಯಿಸಬಹುದು. ಇದು ಕಾನೂನು. ಸಂಸತ್ತೇ ಬದಲಾಯಿಸಬೇಕು.

[ಸ್ಕ್ರೀನ್ ಮೇಲೆ: 12]

ಹಾಗಾದರೆ ಅಮೆರಿಕನ್ನರು ಹೋಗುವುದೇ ಇಲ್ವಾ? ಹೋಗುತ್ತಾರೆ. 12 ಕಾರಣಗಳ ಪಟ್ಟಿ ಇದೆ. ನೆಂಟರನ್ನು ನೋಡುವುದು, ಪತ್ರಿಕೆ ಕೆಲಸ, ಓದು, ಧರ್ಮ, ಆಟೋಟ, ಹೀಗೆ. ಬೀಚಿನಲ್ಲಿ ಮಲಗುವುದು ಆ ಪಟ್ಟಿಯಲ್ಲಿಲ್ಲ. 2015ರಲ್ಲಿ ಒಬಾಮಾ ಸರ್ಕಾರ, "ಮುಂಚೆ ಅರ್ಜಿ ಹಾಕುವುದು ಬೇಡ, ಪಟ್ಟಿಯಲ್ಲಿರುವ ಕಾರಣ ಇದ್ದರೆ ಹೋಗಿ, ಲೆಕ್ಕ ಇಟ್ಟುಕೊಳ್ಳಿ" ಅಂದಿತು. 2016ರ ಆಗಸ್ಟ್ 31ರಂದು, 50ಕ್ಕೂ ಹೆಚ್ಚು ವರ್ಷಗಳ ನಂತರ, ಅಮೆರಿಕದಿಂದ ಹೊರಟ ಮಾಮೂಲಿ ಪ್ರಯಾಣಿಕರ ವಿಮಾನ ಕ್ಯೂಬಾದ ಸಾಂತಾ ಕ್ಲಾರಾದಲ್ಲಿ ಇಳಿಯಿತು. 2019ರ ಜೂನ್‌ನಲ್ಲಿ ಟ್ರಂಪ್ ಸರ್ಕಾರ ಕ್ರೂಸ್ ಹಡಗುಗಳನ್ನು ನಿಲ್ಲಿಸಿತು. ಟಿಕೆಟ್ ಬುಕ್ ಮಾಡಿದ್ದವರ ಗತಿ ಯೋಚಿಸಿ.

ಈ ತೂಗುಯ್ಯಾಲೆ ನಿಲ್ಲಿಸಲು 2015ರ ಜನವರಿಯಲ್ಲಿ ಮಸೂದೆ ತಂದವರಲ್ಲಿ ಮುಖ್ಯರು ಇಬ್ಬರು ಸೆನೆಟರ್‌ಗಳು. ರಿಪಬ್ಲಿಕನ್ ಪಕ್ಷದ ಜೆಫ್ ಫ್ಲೇಕ್, ಡೆಮಾಕ್ರಟಿಕ್ ಪಕ್ಷದ ಪ್ಯಾಟ್ರಿಕ್ ಲೇಹಿ. ತಿರುಳು ಇಷ್ಟೇ: ಯುದ್ಧದಂಥ ಅಪಾಯ ಇಲ್ಲದಿದ್ದರೆ, ಪ್ರಜೆಗಳು ಕ್ಯೂಬಾಕ್ಕೆ ಹೋಗುವುದನ್ನಾಗಲಿ, ಅದಕ್ಕೆ ಬೇಕಾದ ಹಣದ ವ್ಯವಹಾರವನ್ನಾಗಲಿ ಅಧ್ಯಕ್ಷರು ತಡೆಯಬಾರದು. ವ್ಯಾಪಾರ ನಿಷೇಧ ಹಾಗೇ ಇರುತ್ತದೆ. ಕ್ಯೂಬಾದವರು ಅಮೆರಿಕಕ್ಕೆ ಬರಬೇಕಾದರೆ ವೀಸಾಕ್ಕೆ ಅಲೆಯುವುದೂ ತಪ್ಪುವುದಿಲ್ಲ. ಬಾಗಿಲು ಒಂದೇ ಕಡೆಗೆ ತೆರೆಯುವ ಮಸೂದೆ ಇದು. ಇದನ್ನು ಯಾರೂ ಜಾಸ್ತಿ ಹೇಳುವುದಿಲ್ಲ.

2017ರಲ್ಲಿ ಮತ್ತೆ ತಂದಾಗ 100 ಸೆನೆಟರ್‌ಗಳಲ್ಲಿ 55 ಜನ ಬೆಂಬಲಕ್ಕಿದ್ದರು. ಬಹುಮತ ಅಲ್ವಾ? ಆದರೂ ವೋಟಿಗೇ ಬರಲಿಲ್ಲ. ಯಾವ ಮಸೂದೆ ಚರ್ಚೆಗೆ ಬರಬೇಕು ಅಂತ ತೀರ್ಮಾನಿಸುವುದು ಬಹುಮತದ ಪಕ್ಷದ ನಾಯಕ. ಅವರು ಎತ್ತಿಕೊಂಡರೂ, ಚರ್ಚೆ ಮುಗಿಸಲು 60 ವೋಟು ಬೇಕು.

ವಿರೋಧಿಸಿದ ಸೆನೆಟರ್‌ಗಳಲ್ಲಿ ಮುಂದೆ ಇದ್ದವರು ಮಾರ್ಕೊ ರೂಬಿಯೊ ಮತ್ತು ಬಾಬ್ ಮೆನೆಂಡೆಜ್. ಇಬ್ಬರದೂ ಕ್ಯೂಬಾದಿಂದ ಬಂದ ಕುಟುಂಬ. ಪ್ರವಾಸಿಗರ ದುಡ್ಡು ಆಳುವವರ ಕೈ ಸೇರುತ್ತದೆ ಅನ್ನುವುದು ಅವರ ವಾದ. ಸುಳ್ಳು ಅನ್ನುವ ಹಾಗಿಲ್ಲ, ಅಲ್ಲಿನ ಎಷ್ಟೋ ಹೋಟೆಲುಗಳು ಸೇನೆಯ ಕಂಪನಿಗೆ ಸೇರಿದವು. ಆದರೆ ಮನೆಯಲ್ಲೊಂದು ರೂಮು ಬಾಡಿಗೆಗೆ ಕೊಟ್ಟು, ಬೆಳಗ್ಗೆ ಕಾಫಿ ಮಾಡಿಕೊಡುವ ಸಾಮಾನ್ಯ ಜನರೂ ಅಲ್ಲಿದ್ದಾರೆ. ಗಿರಾಕಿ ಬಾರದಿದ್ದರೆ ಮೊದಲು ಪೆಟ್ಟು ಬೀಳುವುದು ಇವರಿಗೆ ಅಂತ ನನಗನ್ನಿಸುತ್ತದೆ.

ಫ್ಲೇಕ್ 2019ರ ಶುರುವಿನಲ್ಲೇ ಸೆನೆಟ್ ಬಿಟ್ಟರು. ಅದೇ ವರ್ಷ ಲೇಹಿ ಇನ್ನೊಮ್ಮೆ ಮಸೂದೆ ತಂದರು. ಅದೂ ಪಾಸಾಗಲಿಲ್ಲ. 2023ರ ಜನವರಿಯಲ್ಲಿ ಅವರೂ ನಿವೃತ್ತರಾದರು. ರೂಬಿಯೊ? 2025ರ ಜನವರಿಯಲ್ಲಿ ಅಮೆರಿಕದ ವಿದೇಶಾಂಗ ಸಚಿವರಾದರು.

[ತಿರುಪತಿ ಬಸ್ಸು ಹೊರಡುತ್ತದೆ.]