ಮಾರಾಟಕ್ಕಿಲ್ಲದ ದನಿ

ಕೇಳುಗರಿಗೆ ನಮಸ್ಕಾರ.

ನ್ಯೂಜಿಲೆಂಡಿನ ಉತ್ತರ ತುದಿಯಲ್ಲಿ ಕೈತಾಯಾ ಅಂತ ಒಂದು ಸಣ್ಣ ಊರಿದೆ. ಅಲ್ಲಿ ಆ ದೇಶದ ಮೂಲನಿವಾಸಿಗಳಾದ ಮಾವೋರಿ ಜನರು ನಡೆಸುವ ರೇಡಿಯೋ ಕೇಂದ್ರದ ಹೆಸರು ತೆ ಹಿಕು ಮೀಡಿಯಾ. ಹಿರಿಯರ ಮಾತುಕತೆಗಳು ದಶಕಗಳಿಂದ ಅಲ್ಲಿ ಧ್ವನಿಮುದ್ರಣವಾಗಿ ಉಳಿದಿವೆ. ಅಷ್ಟನ್ನೂ ಕೇಳಿ ಕೇಳಿ ಕೈಯಲ್ಲೇ ಬರೆದಿಡುವುದು ಆಗುವ ಮಾತಲ್ಲ. ಕಂಪ್ಯೂಟರಿಗೆ ಮಾವೋರಿ ನುಡಿ ಕಲಿಸಿದರೆ ಅದೇ ಬರೆದುಕೊಡುತ್ತದೆ. ಆದರೆ ಕಲಿಸಲು ಸಾವಿರಾರು ಜನರ ದನಿ ಬೇಕು.

2018ರಲ್ಲಿ ಕೇಂದ್ರದವರು ತಮ್ಮ ಜನರನ್ನೇ ಕೇಳಿದರು. ವಾಕ್ಯಗಳನ್ನು ಓದಿ, ದನಿ ಮುದ್ರಿಸಿ ಕಳಿಸಿ ಎಂದರು. ಸುಮಾರು 2,500 ಜನ ಮುಂದೆ ಬಂದರು. ಗುಂಪುಗಳ ನಡುವೆ ಪೈಪೋಟಿಯೇ ನಡೆಯಿತು. 10 ದಿನಗಳಲ್ಲಿ 300 ಗಂಟೆಗೂ ಜಾಸ್ತಿ ದನಿ ಸೇರಿತು. ದುಡ್ಡು ಸುರಿದರೂ ಇಷ್ಟು ಬೇಗ ಸಿಗುತ್ತಿರಲಿಲ್ಲ. ಕೇಳಿದವರು ಗುರುತಿನವರು, ದನಿ ಎಲ್ಲಿರುತ್ತದೆ, ಯಾಕೆ ಬೇಕು ಅನ್ನುವುದೂ ಗೊತ್ತಿತ್ತು. ಜನ ಕೊಟ್ಟದ್ದು ಆ ನಂಬಿಕೆಯ ಮೇಲೆ.

ಆಮೇಲೆ ಅಮೆರಿಕದ ಕಂಪನಿಯೊಂದು ಗಂಟೆಗೆ ಇಷ್ಟು ಅಂತ ದರ ಹೇಳಿ, ದನಿ ಕೊಳ್ಳಲು ಬಂತು. ಕೇಂದ್ರ ಒಪ್ಪಲಿಲ್ಲ. ಶಾಲೆಯಲ್ಲಿ ಮಾವೋರಿ ಮಾತಾಡಿದ್ದಕ್ಕೆ ಅಲ್ಲಿನ ಅಜ್ಜ ಅಜ್ಜಿಯರು ಏಟು ತಿಂದಿದ್ದರು. ಹಾಗೆ ಉಳಿದು ಬಂದ ನುಡಿಯನ್ನು ಹೊರಗಿನವರು ಕೊಂಡು, ನಾಳೆ ತಮಗೇ ಮಾರುವುದು ಅವರಿಗೆ ಬೇಕಿರಲಿಲ್ಲ. ದನಿಗೆ ತಾವು ಮಾಲೀಕರಲ್ಲ, ಕಾವಲಿನವರು ಅನ್ನುವುದು ಅವರ ನಿಲುವು. ಅದಕ್ಕೆ ತಕ್ಕ ಪರವಾನಗಿಯನ್ನೂ ಬರೆದರು. ಬಳಸುವವರು ಕೇಳಿಯೇ ಬಳಸಬೇಕು, ಲಾಭ ಮಾವೋರಿ ಜನರಿಗೆ ಮರಳಬೇಕು.

ಮಾಹಿತಿ ಎಲ್ಲರಿಗೂ ತೆರೆದಿರಲಿ ಅನ್ನುವವರು ಇದಕ್ಕೆ ಮುಖ ಸಿಂಡರಿಸಬಹುದು. ಸರ್ಕಾರದ ಲೆಕ್ಕಪತ್ರದ ವಿಷಯದಲ್ಲಿ ನನ್ನದೂ ಅದೇ ಮಾತು. ಆದರೆ ಹಳ್ಳಿಯವರ ದನಿಯನ್ನು ಸುಮ್ನೆ ಹೊರಗಿಟ್ಟರೆ ಯಾರಿಗೆ ಲಾಭ? ದೊಡ್ಡ ಯಂತ್ರ ಇರುವವರಿಗೆ, ಅಲ್ವಾ? 2022ರಲ್ಲಿ ಅಮೆರಿಕದ ಓಪನ್‌ಎಐ ಕಂಪನಿ, ಮಾತು ಕೇಳಿ ಬರೆದುಕೊಡುವ ವಿಸ್ಪರ್ ಎಂಬ ಕಂಪ್ಯೂಟರ್ ಮಾದರಿಯನ್ನು ಹೊರತಂದಿತು. ಅದಕ್ಕೆ ಕಲಿಸಲು ಅಂತರ್ಜಾಲದಿಂದ 6,80,000 ಗಂಟೆಗಳ ಧ್ವನಿ ಕೂಡಿಹಾಕಿದ್ದರು. ಅದರಲ್ಲಿ ಮಾವೋರಿಯೂ ಇತ್ತು. ಯಾರನ್ನು ಕೇಳಿ ತೆಗೆದುಕೊಂಡಿರಿ ಎಂದು ಕೈತಾಯಾದವರು ಬಹಿರಂಗವಾಗಿಯೇ ಕೇಳಿದರು.

ಕನ್ನಡದ ದನಿಗೂ ಈಗ ಬೇಡಿಕೆ ಇದೆ. ಬೆಂಗಳೂರಿನ ಕಾರ್ಯ ಎಂಬ ಸಂಸ್ಥೆ ನಮ್ಮ ಹಳ್ಳಿಗಳಲ್ಲಿ ಜನರಿಂದ ಕನ್ನಡ ಓದಿಸಿ, ಒಳ್ಳೆಯ ಕೂಲಿ ಕೊಡುತ್ತದೆ. ಆ ದನಿ ಮತ್ತೆ ಮಾರಾಟವಾದರೆ ಓದಿದವರಿಗೂ ಪಾಲು ಕೊಡುವ ಪದ್ಧತಿ ಇಟ್ಟುಕೊಂಡಿದೆ. ಎಲ್ಲರೂ ಹೀಗಿರುವುದಿಲ್ಲ. ನಿಮ್ಮ ಸ್ವಸಹಾಯ ಸಂಘಕ್ಕೆ ಯಾರಾದರೂ ಮೊಬೈಲ್ ಹಿಡಿದು ಸರ್ವೆಗೆ, ದನಿಗೆ ಬಂದರೆ ಮೊದಲು ಕೂರಿಸಿ ಮಾತಾಡಿ. ಇದು ಯಾರ ಹತ್ತಿರ ಇರುತ್ತದೆ, ಮುಂದೆ ಯಾರಿಗೆ ಹೋಗುತ್ತದೆ, ಬೇಡ ಅಂದರೆ ಅಳಿಸುತ್ತೀರಾ ಅಂತ ಕೇಳಿ. ಕೊಟ್ಟ ಒಪ್ಪಿಗೆಯನ್ನು ವಾಪಸು ಪಡೆಯಬಹುದು ಅಂತ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲೇ ಇದೆ. ಉತ್ತರವನ್ನು ಕನ್ನಡದಲ್ಲಿ ಬರೆಸಿಕೊಂಡು, ಸಂಘದ ನಡಾವಳಿ ಪುಸ್ತಕದಲ್ಲಿ ಅಂಟಿಸಿಡಿ.

ನಮಸ್ಕಾರ.