ಬೆರಳು ಆಡಿದರೂ ಎಲುಬು ಮುರಿದಿರಬಹುದು

ಕೇಳುಗರಿಗೆ ನಮಸ್ಕಾರ.

ಆಟಿ ತಿಂಗಳ ಮಳೆಗೆ ನಮ್ಮ ಕರಾವಳಿಯಲ್ಲಿ ಕೆಂಪುಕಲ್ಲಿನ ಮೆಟ್ಟಿಲು, ಬಾವಿಕಟ್ಟೆ, ತೋಟದ ಸಂಕ ಎಲ್ಲಾ ಪಾಚಿ ಕಟ್ಟುತ್ತವೆ. ಕಾಲು ಜಾರಿತು ಅಂದರೆ ನಾವು ಕೈ ಊರುತ್ತೇವೆ. ಮೈಭಾರವೆಲ್ಲ ಅಂಗೈ ಮೇಲೆ ಬೀಳುತ್ತದೆ. ಮಣಿಗಂಟಿನ ಹತ್ತಿರ, ಹೆಬ್ಬೆರಳಿನ ಕಡೆಯ ಎಲುಬು ಮುರಿಯುತ್ತದೆ.

ಆಗ ಮನೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ: "ಬೆರಳು ಆಡ್ತದಲ್ಲ, ಮುರಿದಿರ್ಲಿಕ್ಕಿಲ್ಲ, ಉಳುಕಿರಬೇಕು." ಈ ಮಾತನ್ನು ದಯವಿಟ್ಟು ನಂಬಬೇಡಿ. ಬೆರಳುಗಳನ್ನು ಆಡಿಸುವ ದೊಡ್ಡ ಸ್ನಾಯುಗಳು ಇರುವುದು ಮೊಣಕೈ ಕೆಳಗೆ. ಮಣಿಗಂಟು ಮುರಿದಿದ್ದರೂ ಬೆರಳು ಆಡಬಹುದು.

ನೋಡಬೇಕಾದ್ದು ಬೇರೆ. ಬೇಗ ಬಾವು ಬಂತಾ? ಎಲುಬಿನ ಮೇಲೇ ಒತ್ತಿದರೆ ಜೀವ ಹೋದಷ್ಟು ನೋವಾ? ಲೋಟ ಎತ್ತಲು, ಅಂಗೈ ಮೇಲೆ ಮಾಡಲು ಆಗುತ್ತಿಲ್ಲವಾ? ಪಕ್ಕದಿಂದ ನೋಡಿದರೆ ಕೈ ಮಗುಚಿಟ್ಟ ಫೋರ್ಕಿನ ಹಾಗೆ ಬಾಗಿದೆಯಾ? ಡಬ್ಲಿನ್ನಿನ ಡಾಕ್ಟರ್ ಅಬ್ರಹಾಂ ಕಾಲಿಸ್ ಈ ಮುರಿತವನ್ನು 1814ರಲ್ಲೇ ವಿವರಿಸಿದ್ದರು. ಆಗ ಎಕ್ಸ್‌ರೇ ಇರಲಿಲ್ಲ. ಈಗ ಇದೆ, ತೆಗೆಸಿಕೊಳ್ಳಿ.

ಇನ್ನೊಂದಿದೆ. ಹೆಬ್ಬೆರಳು ಮೇಲೆತ್ತಿದಾಗ ಬುಡದಲ್ಲಿ ಒಂದು ಸಣ್ಣ ಗುಳಿ ಕಾಣುತ್ತದೆ ಅಲ್ವಾ? ಅಲ್ಲಿ ಒತ್ತಿದರೆ ನೋವಾದರೆ ಒಳಗಿನ ಪುಟ್ಟ ಎಲುಬು ಬಿರುಕು ಬಿಟ್ಟಿರಬಹುದು. ಅದು ಮೊದಲ ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು. 10-14 ದಿನ ಬಿಟ್ಟು ಮತ್ತೆ ಬನ್ನಿ ಎಂದರೆ ತಪ್ಪದೇ ಹೋಗಿ.

ಬಿದ್ದ ಕೂಡಲೇ ಬಳೆ, ಉಂಗುರ ತೆಗೆಯಿರಿ. ಬಾವು ಏರಿದ ಮೇಲೆ ಕತ್ತರಿಸಬೇಕಾಗುತ್ತದೆ. ಮಡಚಿದ ಪೇಪರನ್ನು ಕೈಯಡಿಗೆ ಇಟ್ಟು ಹಗುರವಾಗಿ ಬಟ್ಟೆ ಸುತ್ತಿ ಆಸ್ಪತ್ರೆಗೆ ಹೊರಡಿ. ಎಣ್ಣೆ ತಿಕ್ಕಬೇಡಿ, ಎಳೆಯಬೇಡಿ. ಬಿದಿರಿನ ಸೀಳು ಇಟ್ಟು ಬಿಗಿಯಾಗಿ ಕಟ್ಟಿಸಿಕೊಳ್ಳಲೇಬೇಡಿ. ರಕ್ತ ಓಡದೆ ಕೈಯನ್ನೇ ಕಳೆದುಕೊಳ್ಳುವ ಅಪಾಯ ಇದೆ.

ಕೆಲವರಿಗೆ ಆಪರೇಷನ್ ಬೇಕಾಗುತ್ತದೆ. ಉಳಿದವರಿಗೆ ಸುಮಾರು 6 ವಾರ ಪ್ಲಾಸ್ಟರ್. ಆ ದಿನಗಳಲ್ಲಿ ಕೈಯನ್ನು ಸುಮ್ನೆ ನೇತುಹಾಕಿ ಕೂರಬೇಡಿ. ಮೊದಲ ಕೆಲವು ದಿನ ದಿಂಬಿನ ಮೇಲೆ ಎದೆಗಿಂತ ಎತ್ತರ ಇಡಿ. ಗಂಟೆಗೊಮ್ಮೆ ಬೆರಳು ಪೂರ್ತಿ ಮಡಚಿ ಬಿಡಿಸಿ. ಮೊಣಕೈ, ಭುಜವನ್ನೂ ಆಡಿಸಿ. ನೋವಿಗೆ ಹೆದರಿ ಬೆರಳು ಆಡಿಸದೇ ಇದ್ದವರಿಗೆ, ಎಲುಬು ಕೂಡಿದ ಮೇಲೂ ಮುಷ್ಟಿ ಕಟ್ಟಲಿಕ್ಕೆ ಕಷ್ಟವಾಗುತ್ತದೆ. ಬೆರಳು ನೀಲಿಯಾದರೆ, ತಣ್ಣಗಾದರೆ, ಜೋಮು ಹಿಡಿದರೆ, ನೋವು ಏರುತ್ತಲೇ ಹೋದರೆ ಬೆಳಗಾಗಲು ಕಾಯಬೇಡಿ. ರಾತ್ರಿಯೇ ಹೋಗಿ.

ಪ್ಲಾಸ್ಟರ್ ಬಿಚ್ಚಿದಾಗ ಕೈ ಸೊರಗಿ ಬಿಗಿದಿರುತ್ತದೆ. ಅದು ಸಹಜ. ಬೆಚ್ಚಗಿನ ನೀರಿನಲ್ಲಿ ಅದ್ದಿ ಮೆಲ್ಲ ಆಡಿಸಿ. ಕೆಲವು ದಿನ ಕಳೆದ ಮೇಲೆ ಕರವಸ್ತ್ರ ಹಿಂಡಿ ನೋಡಿ. ಹೆರೆಮಣೆಯಲ್ಲಿ ತೆಂಗಿನಕಾಯಿ ಹೆರೆಯುವಷ್ಟು ಬಲ ಬರಲಿಕ್ಕೆ ತಿಂಗಳುಗಳೇ ಬೇಕು. ಮನೆಯವರು ಅಷ್ಟು ದಿನ ಆ ಕೆಲಸ ವಹಿಸಿಕೊಳ್ಳಿ.

ಮುಟ್ಟು ನಿಂತ ಅಕ್ಕಂದಿರು, ಅಮ್ಮಂದಿರು ನಿಂತಲ್ಲೇ ಬಿದ್ದು ಮಣಿಗಂಟು ಮುರಿದುಕೊಂಡಿದ್ದರೆ, ಎಲುಬು ಸವೆದಿದೆಯೇ ಎಂದು ಡಾಕ್ಟರನ್ನು ಕೇಳಿ ಪರೀಕ್ಷೆ ಮಾಡಿಸಿ. ಸವೆತಕ್ಕೆ ಔಷಧಿ ಇದೆ. ಸೊಂಟದ ಎಲುಬು ಮುರಿಯುವ ಮೊದಲೇ ಶುರು ಮಾಡಬಹುದು.

ನಮಸ್ಕಾರ.